ಹಸಿದ ಜೀವಕ್ಕೆ ಅಳತೆಯ ತುತ್ತು

2023ರ ಕಾರ್ತಿಕ ಮಾಸದಲ್ಲಿ ಧಾರವಾಡದ ನನ್ನ ತಂಗಿಯ ಮನೆಗೆ ಹೋಗಿದ್ದಾಗ ಪಡಸಾಲೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಒಂದು ನಾಯಿ ಮಲಗಿತ್ತು. ಯಾರೋ ಒಂದಿಷ್ಟು ಎಲುಬುಗಳನ್ನು ಒಟ್ಟಿ ಅದರ ಮೇಲೆ ಹಳೆಯ ತೊಗಲನ್ನು ಹೊದಿಸಿ ಹೋದಂತೆ ಅದು ಕಾಣುತ್ತಿತ್ತು. ಪಕ್ಕೆಲುಬುಗಳನ್ನು ಬಾಗಿಲಲ್ಲಿ ನಿಂತೇ ಎಣಿಸಬಹುದಾಗಿತ್ತು. ಮೊಣಕೈಗಳಲ್ಲಿ ಹುಣ್ಣು, ಬೆನ್ನಿನ ಮೇಲೆ ಕೂದಲು ಉದುರಿದ ಬೋಳು ಮಚ್ಚೆಗಳು, ಕಿವಿಯ ಒಳಗೆ ದ್ರಾಕ್ಷಿಗೊನೆಯಂತೆ ಕಟ್ಟಿಕೊಂಡ ಉಣ್ಣೆಗಳು. ನಾನು ಒಳಗೆ ಕಾಲಿಟ್ಟರೂ ಅದು ತಲೆಯೆತ್ತಲಿಲ್ಲ. ಕಣ್ಣನ್ನು ಮಾತ್ರ ಹೊರಳಿಸಿತು.

ಹುಬ್ಬಳ್ಳಿಯ ಕಡೆಯ ಒಂದು ಪ್ರಾಣಿ ಆಶ್ರಯತಾಣದಿಂದ ನನ್ನ ಸೋದರಳಿಯನು ಅದನ್ನು ಹಿಂದಿನ ದಿನವಷ್ಟೇ ತಂದಿದ್ದನು. ಯಾರೋ ಮರಿಯಾಗಿದ್ದಾಗ ಕೊಂಡು, ಎರಡು ವರ್ಷ ತಾರಸಿಯ ಮೇಲೆ ಕಟ್ಟಿಹಾಕಿ, ಮನೆ ಬದಲಿಸುವಾಗ ಅಲ್ಲಿಯೇ ಬಿಟ್ಟು ಹೋಗಿದ್ದರಂತೆ. ನೆರೆಯವರು ದೂರು ಕೊಟ್ಟ ಮೇಲೆ ಆಶ್ರಯತಾಣದವರು ಬೀಗ ತೆಗೆಸಿ ತಂದು ಉಳಿಸಿದ್ದರು. ತಂಗಿಯ ಅತ್ತೆಯವರು, ಎಂಬತ್ತನಾಲ್ಕು ವರ್ಷದ ಹಿರಿಯರು, ಮನೆಮಂದಿಗೆಲ್ಲ 'ಆಯಿ', ಅದನ್ನು ಒಮ್ಮೆ ನೋಡಿ, "ಇದು ನಾಯಿ ಅಲ್ಲೋ ತಮ್ಮಾ, ಊದಿನಕಡ್ಡಿ" ಎಂದರಂತೆ. ಅಂದಿನಿಂದ ಅದರ ಹೆಸರು ಕಡ್ಡಿ. ಮುಂದೆ ಮೈತುಂಬಿಕೊಂಡ ಮೇಲೂ ಹೆಸರು ಬದಲಾಗಲಿಲ್ಲ.

ಕಡ್ಡಿ ಮುಧೋಳದ ತಳಿಯ ಹೆಣ್ಣುನಾಯಿ. ಮುಧೋಳವೆಂದರೆ ನಮ್ಮಂಥವರಿಗೆ ಮೊದಲು ನೆನಪಾಗುವವನು ಕವಿಚಕ್ರವರ್ತಿ ರನ್ನ. ಜಗತ್ತಿಗೆ ನೆನಪಾಗುವುದು ಈ ಬೇಟೆನಾಯಿ. ಮುಧೋಳ ಸಂಸ್ಥಾನದ ಘೋರ್ಪಡೆ ರಾಜಮನೆತನದವರು ಈ ತಳಿಯನ್ನು ಪೋಷಿಸಿದರು. ಅವರಲ್ಲಿ ರಾಜಾ ಮಾಲೋಜಿರಾಯರು ಇಂಗ್ಲೆಂಡಿನ ಅರಸ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂಬುದು ಪ್ರಸಿದ್ಧವಾದ ಸಂಗತಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳಲ್ಲಿ ಇದೂ ಒಂದು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಭಾರತೀಯ ಸೈನ್ಯವೂ ಈ ತಳಿಯ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಕೊಂಡೊಯ್ದಿತು. 2020ರ ಆಗಸ್ಟ್ 30ರ 'ಮನ್ ಕೀ ಬಾತ್' ಭಾಷಣದಲ್ಲಿ ಪ್ರಧಾನಮಂತ್ರಿಗಳು ದೇಶೀ ತಳಿಗಳನ್ನು ಸಾಕಿರೆಂದು ಕರೆಕೊಟ್ಟಾಗ ಮುಧೋಳದ ಹೆಸರು ಮನೆಮಾತಾಯಿತು.

ಕೀರ್ತಿ ಬಂದಾಗ ಅದರ ಹಿಂದೆಯೇ ಒಂದು ಅಪಾಯವೂ ಬರುತ್ತದೆ. ಹೊಲದ ಬದುವಿನಲ್ಲಿ ಮೊಲವನ್ನು ಕಣ್ಣಿಟ್ಟು ಬೆನ್ನಟ್ಟುವುದಕ್ಕೆಂದು ತಲೆತಲಾಂತರದಿಂದ ಬೆಳೆಸಿದ ಪ್ರಾಣಿಯನ್ನು ಎರಡು ಕೋಣೆಯ ಮನೆಗೆ ಪ್ರತಿಷ್ಠೆಗಾಗಿ ತರುವವರು ಹೆಚ್ಚಾದರು. ಮರಿಯಾಗಿದ್ದಾಗ ಅದು ಅಂಗೈಯಲ್ಲಿ ಹಿಡಿಯುವ ಮುದ್ದು. ವರ್ಷ ತುಂಬುವುದರೊಳಗೆ ಭುಜದ ಬಳಿ ಎರಡಡಿಯನ್ನೂ ಮೀರಿದ ಎತ್ತರ, ಓಡಲು ಬಯಲು ಬೇಕೆಂಬ ಹಟ. ಆಗ ಸರಪಳಿ ಬರುತ್ತದೆ. ಸರಪಳಿಯ ಅನಂತರ ಮರೆವು. 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನನೀರು ಕೊಡದಿರುವುದೂ ಹಸಿವೆ ನೀರಡಿಕೆಗಳಿಂದ ನರಳುವಂತೆ ಅದನ್ನು ತೊರೆದು ಹೋಗುವುದೂ ಅಪರಾಧಗಳು. ಆದರೆ ಮೊದಲನೆಯ ಸಲದ ತಪ್ಪಿಗೆ ಆ ಕಾಯಿದೆ ವಿಧಿಸುವ ದಂಡ 10ರಿಂದ 50 ರೂಪಾಯಿ! ಇಂದಿನ ದಿನಗಳಲ್ಲಿ ಅದು ಒಂದು ಉಪಾಹಾರದ ಬೆಲೆಯೂ ಅಲ್ಲ.

ಮುಧೋಳದ ನಾಯಿ ಹುಟ್ಟಾ ತೆಳ್ಳನೆಯದು. ಆರೋಗ್ಯವಂತ ನಾಯಿಯಲ್ಲಿಯೂ ಕೊನೆಯ ಎರಡು ಮೂರು ಪಕ್ಕೆಲುಬುಗಳು ಕಾಣುತ್ತವೆ, ಹೊಟ್ಟೆ ಒಳಸೇರಿರುತ್ತದೆ. ಆದ್ದರಿಂದಲೇ ಅದರ ಹಸಿವೆ ನೋಡುವವರ ಕಣ್ಣಿಗೆ ಬೀಳುವುದು ತಡ. "ಆ ಜಾತಿಯೇ ಹಾಗೆ" ಎಂದು ಹೇಳಿ ಸುಮ್ಮನಾಗುತ್ತಾರೆ. ಪಶುವೈದ್ಯರು ನಾಯಿಯ ಮೈಕಟ್ಟನ್ನು ಒಂದರಿಂದ ಒಂಬತ್ತರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. ನಾಲ್ಕು ಅಥವಾ ಐದು ಹಿತವಾದ ಸ್ಥಿತಿ, ಒಂದು ಎಂದರೆ ಬರಿಯ ಹಂದರ. ಬೆನ್ನುಹುರಿಯ ಮಣಿಗಳು, ಸೊಂಟದ ಎಲುಬಿನ ತುದಿಗಳು ಚೂಪಾಗಿ ಎದ್ದು, ತೊಡೆಯ ಮಾಂಸಖಂಡವೂ ಕರಗಿಹೋಗಿದ್ದರೆ ಅದು ಜಾತಿಯ ಲಕ್ಷಣವಲ್ಲ, ಉಪವಾಸದ ಲಕ್ಷಣ. ಕಡ್ಡಿಗೆ ಸಿಕ್ಕ ಅಂಕ ಒಂದು. ಸೋದರಳಿಯನು ಅದನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಳಿಕ ತಾನೊಬ್ಬನೇ ನಿಂತು, ಕಳೆದು ನೋಡಿದಾಗ ನಾಯಿಯ ತೂಕ 14 ಕಿಲೋ. ಅದರ ಎತ್ತರಕ್ಕೆ 22 ಕಿಲೋ ಇರಬೇಕಾಗಿತ್ತೆಂದು ವೈದ್ಯರು ಹೇಳಿದರು.

ಆ ವೈದ್ಯರು ಮಿತಭಾಷಿಗಳು. ಔಷಧಕ್ಕಿಂತ ಮೊದಲು ಅವರು ಬರೆದುಕೊಟ್ಟದ್ದು ಊಟದ ಲೆಕ್ಕ. 14 ಕಿಲೋ ತೂಕದ ನಾಯಿ ಸುಮ್ಮನೆ ಮಲಗಿದ್ದರೂ ಅದರ ದೇಹಕ್ಕೆ ದಿನಕ್ಕೆ ಸುಮಾರು 500 ಕಿಲೊಕ್ಯಾಲರಿ ಶಕ್ತಿ ಬೇಕು. ಮೊದಲನೆಯ ದಿನ ಅದರ ಮೂರನೆಯ ಒಂದು ಪಾಲು ಮಾತ್ರ. ಎಂದರೆ ಒಂದು ದೊಡ್ಡ ಜೋಳದ ರೊಟ್ಟಿಯಲ್ಲಿರುವಷ್ಟು ಶಕ್ತಿ. ಅದನ್ನೂ ಆರು ಹೊತ್ತಿಗೆ ಹಂಚಿ ಕೊಡಬೇಕು! ಅನಂತರ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತ ಒಂದು ವಾರದ ಹೊತ್ತಿಗೆ ಪೂರ್ಣ ಪ್ರಮಾಣಕ್ಕೆ ತರಬೇಕು. ಗಂಜಿ ಅನ್ನಗಳಿಗಿಂತ ಸುಲಭವಾಗಿ ಜೀರ್ಣವಾಗುವ ಸಾರಜನಕಯುಕ್ತ ಆಹಾರಕ್ಕೆ ಆದ್ಯತೆ. ಊಟ ಆರಂಭಿಸುವ ಮೊದಲೇ ಅವರು ಬಿ-1 ಜೀವಸತ್ವದ ಚುಚ್ಚುಮದ್ದನ್ನು ಕೊಟ್ಟಿದ್ದರು.

ಈ ಲೆಕ್ಕ ನನಗೆ ನಿರ್ದಯವೆನಿಸಿತು. ವರ್ಷಾನುಗಟ್ಟಲೆ ಅನ್ನವಿಟ್ಟು ಉಣಬಡಿಸುವ ಮಠದ ಪಂಕ್ತಿಯಲ್ಲಿ ಬೆಳೆದವನು ನಾನು. ಹಸಿದವರ ಮುಂದೆ ಚಮಚೆಯಿಂದ ಅಳೆಯುವುದನ್ನು ಎಂದೂ ಕಂಡವನಲ್ಲ. ಎರಡನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ನೀರು ಕುಡಿಯಲೆಂದು ಎದ್ದೆ. ಕಡ್ಡಿ ನನ್ನನ್ನೇ ನೋಡುತ್ತಿತ್ತು. ಎರಡು ರೊಟ್ಟಿಗಳನ್ನು ಮುರಿದು, ಅರ್ಧ ಲೀಟರಿನಷ್ಟು ಹಾಲು ಸುರಿದು, ಮೇಲೊಂದು ಬೆಲ್ಲದ ಚೂರು ಹಾಕಿ ಅದರ ಮುಂದಿಟ್ಟೆ. ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ತಟ್ಟೆ ಬರಿದಾಯಿತು. ನನ್ನ ಕೈಯನ್ನು ನೆಕ್ಕಿತು. ನಾನು ಸಮಾಧಾನದಿಂದ ನಿದ್ರೆಹೋದೆ.

ಬೆಳಗಾಗುವಷ್ಟರಲ್ಲಿ ಭೇದಿ ಆರಂಭವಾಗಿತ್ತು. ಸಂಜೆಯ ಹೊತ್ತಿಗೆ ಅದಕ್ಕೆ ನಿಲ್ಲಲು ಆಗಲಿಲ್ಲ. ಕಾಲುಗಳು ನಡುಗುತ್ತಿದ್ದವು, ಉಸಿರು ಮೇಲುಮೇಲಕ್ಕೆ ಬರುತ್ತಿತ್ತು. ವೈದ್ಯರು ರಕ್ತವನ್ನು ಪರೀಕ್ಷಿಸಿ, ರಂಜಕ ಮತ್ತು ಪೊಟ್ಯಾಸಿಯಂ ತೀರ ಇಳಿದಿವೆಯೆಂದರು. "ರಾತ್ರಿ ಏನರ ಹಾಕೀರೇನ್ರಿ? ಖರೇ ಹೇಳ್ರಿ" ಎಂದು ಕೇಳಿದಾಗ ಸೋದರಳಿಯನು ನನ್ನ ಕಡೆ ನೋಡಲಿಲ್ಲ. ನಾನೇ ಹೇಳಿದೆ. ಅವರು ಬಯ್ಯಲಿಲ್ಲ. "ಉಪವಾಸ ಕೊಲ್ಲಲಿಲ್ಲರಿ ಇದನ್ನ, ಊಟ ಕೊಲ್ತಿತ್ತು" ಎಂದಷ್ಟೇ ಹೇಳಿ ನರಕ್ಕೆ ಸೂಜಿ ಚುಚ್ಚಿ ಲವಣಜಲ ಹರಿಸತೊಡಗಿದರು. ಎರಡು ಹಗಲು ಎರಡು ರಾತ್ರಿ ಅದು ಅಲ್ಲಿಯೇ ಇತ್ತು. ಆ ಎರಡು ದಿನ ನಾನು ಆ ಮನೆಯಲ್ಲಿ ಹೇಗೆ ಉಂಡೆನೆಂಬುದನ್ನು ಬರೆಯುವುದು ಬೇಡ.

ಇದರ ಕಾರಣವನ್ನು ಅವರು ಮುಂದೆ ವಿವರಿಸಿದರು. ಬಹುದಿನ ಆಹಾರವಿಲ್ಲದ ದೇಹವು ತನ್ನ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಂಡು ಬದುಕುವುದನ್ನು ಕಲಿತುಬಿಟ್ಟಿರುತ್ತದೆ. ದೇಹದೊಳಗಿನ ಲವಣಗಳ ಸಂಗ್ರಹ ಬತ್ತಿಹೋಗಿದ್ದರೂ ರಕ್ತದಲ್ಲಿ ಅವು ಹೇಗೋ ಸರಿಯಾಗಿಯೇ ತೋರುತ್ತವೆ. ಇದ್ದಕ್ಕಿದ್ದಂತೆ ಪಿಷ್ಟ ಸಕ್ಕರೆಗಳು ಒಳಗೆ ಬಂದರೆ ಇನ್ಸುಲಿನ್ ಉಕ್ಕುತ್ತದೆ. ಅದು ಸಕ್ಕರೆಯ ಜೊತೆಗೆ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನೂ ರಕ್ತದಿಂದ ಜೀವಕೋಶಗಳೊಳಕ್ಕೆ ಎಳೆದುಕೊಂಡುಬಿಡುತ್ತದೆ. ಆಗ ರಕ್ತದಲ್ಲಿ ಅವುಗಳ ಬರ ಬಿದ್ದು ಹೃದಯದ ಬಡಿತ ತಪ್ಪಬಹುದು, ಕೆಂಪು ರಕ್ತಕಣಗಳು ಒಡೆಯಬಹುದು, ಸ್ನಾಯುಗಳು ಸೋಲಬಹುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಂಧೀಖಾನೆಗಳಿಂದ ಬಿಡುಗಡೆಯಾದ ಹಸಿದ ಮನುಷ್ಯರು ಹೊಟ್ಟೆತುಂಬ ಉಂಡು ಪ್ರಾಣಬಿಟ್ಟಾಗ ವೈದ್ಯಲೋಕ ಇದನ್ನು ಗುರುತಿಸಿತಂತೆ. ಮನುಷ್ಯರಿಗೆ ಯಾವ ನಿಯಮವೋ ನಾಯಿಗೂ ಅದೇ. ಕನಿಕರದಿಂದ ನಾನು ಇಟ್ಟ ತಟ್ಟೆ ಯಾರ ಹಸಿವೆಯನ್ನು ತಣಿಸಿತೆಂಬುದನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ಇನ್ನೊಂದು ಸಂದಿಗ್ಧ ಮನೆಯೊಳಗೇ ಎದ್ದಿತು. ವೈದ್ಯರ ಚೀಟಿಯಲ್ಲಿ ಬೇಯಿಸಿದ ಮೊಟ್ಟೆ ಎಂದಿತ್ತು. ಅಂಗಡಿಯಲ್ಲಿ ಸಿಗುವ ಡಬ್ಬಿಯ ಪಥ್ಯಾಹಾರದಲ್ಲಿ ಮಾಂಸವಿರುತ್ತದೆ. ಹಾಲು ಆಗಲೇ ಭೇದಿ ತಂದಿತ್ತು; ಬೇಳೆ ಆ ಬಡಕಲು ಕರುಳಿಗೆ ಇನ್ನೂ ಭಾರ. ಲಿಂಗಪೂಜೆಯ ಮನೆ; ಅಡಿಗೆಮನೆಯ ಹೊಸ್ತಿಲನ್ನು ಮೊಟ್ಟೆ ಎಂದೂ ದಾಟಿರಲಿಲ್ಲ. ತಂಗಿಯು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೋದರಳಿಯನು ನಾಯಿಯನ್ನು ಮರಳಿ ಬಿಟ್ಟುಬರುವ ಮಾತನ್ನೂ ಆಡಿದನು. ನನ್ನನ್ನು ಕೇಳಿದರು. ಶಾಸ್ತ್ರ ಓದಿದವನೆಂಬ ಹೆಸರು ನನಗೆ. ಆದರೆ ಹಿಂದಿನ ರಾತ್ರಿಯ ತಟ್ಟೆಯ ಅನಂತರ ನನ್ನ ಬಾಯಿ ಕಟ್ಟಿತ್ತು. ಬಾಗಿಲ ಬಳಿ ಕುಳಿತಿದ್ದ ಆಯಿಯವರೇ ಹೇಳಿದರು: "ನಮ್ಮ ನೇಮ ನಮಗ, ಅದರ ಹೊಟ್ಟಿ ಅದಕ್ಕ. ಹಿತ್ತಲದಾಗ ಮೂರು ಕಲ್ಲು ಹೂಡ್ರಿ. ಬ್ಯಾರೆ ಬೋಗಾಣಿ ಇಡ್ರಿ. ನಾ ತಿನ್ನೂದಿಲ್ಲ, ಅದಕ್ಕ ತಿನ್ನಬ್ಯಾಡ ಅನ್ನಾಕ ನಾ ಯಾರು?" ಮಾತು ಅಲ್ಲಿಗೆ ಮುಗಿಯಿತು. ಹಿತ್ತಲಿನಲ್ಲಿ ಒಲೆ ಹೂಡಿತು. ಸೋದರಳಿಯನು ಬೇಯಿಸುತ್ತಿದ್ದನು, ಸ್ನಾನ ಮಾಡಿ ಒಳಗೆ ಬರುತ್ತಿದ್ದನು.

ಸಸ್ಯಾಹಾರಿಗಳ ಮನೆಯಲ್ಲಿ ನಾಯಿ ಸಾಕಬಾರದೆಂದು ಇದರಿಂದ ಯಾರೂ ತಿಳಿಯಬೇಕಾಗಿಲ್ಲ. ಮುಧೋಳದ ಸೀಮೆಯ ರೈತರು ತಮ್ಮ ನಾಯಿಗಳಿಗೆ ಜೋಳ, ಗೋವಿನಜೋಳಗಳ ಅಂಬಲಿಯನ್ನೂ ಹಾಲನ್ನೂ ಹಾಕಿಯೇ ಬೆಳೆಸುತ್ತ ಬಂದಿದ್ದಾರೆ. ಜೊತೆಗೊಂದು ಮೊಟ್ಟೆ ಇರುವುದುಂಟು. ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪಿಷ್ಟವನ್ನು ಜೀರ್ಣಿಸುವ ಒಂದು ವಂಶವಾಹಿ ತೋಳದಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇದೆ. ಮನುಷ್ಯನ ಒಕ್ಕಲುತನದ ಬದಿಯಲ್ಲಿ ಬಾಳಿ ನಾಯಿಯು ನಮ್ಮ ಅನ್ನಕ್ಕೆ ಹೊಂದಿಕೊಂಡಿದೆ. ಆದರೆ ಬರಿಯ ಹಾಲು ಅನ್ನ ಅಥವಾ ಬರಿಯ ರೊಟ್ಟಿ ನಾಯಿಗೆ ಸಾಲದು. ಸುಣ್ಣದಂಶ, ಬಿ-12, ಡಿ ಜೀವಸತ್ವಗಳು ಕೊರೆಬೀಳುತ್ತವೆ. ಸಸ್ಯಾಹಾರವನ್ನೇ ಕೊಡುವುದಾದರೆ ವೈದ್ಯರನ್ನು ಕೇಳಿ ಅವನ್ನು ಸೇರಿಸಬೇಕು. ನಮ್ಮ ಮನೆಗಳಲ್ಲಿ ಇನ್ನೊಂದು ಎಚ್ಚರ ಅವಶ್ಯ. ಉಳ್ಳಾಗಡ್ಡಿ, ಬಳ್ಳೊಳ್ಳಿಗಳ ಒಗ್ಗರಣೆಯ ಸಾರು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ. ದ್ರಾಕ್ಷಿ, ವಿಜಯಪುರದ ನಮ್ಮ ಒಣದ್ರಾಕ್ಷಿಯೂ ಸೇರಿ, ಮೂತ್ರಪಿಂಡಕ್ಕೆ ವಿಷ. ಚಾಕೊಲೇಟೂ ನಾಯಿಗೆ ವಿಷವೇ. ಹಬ್ಬದ ದಿನ ಮಕ್ಕಳು ಪ್ರೀತಿಯಿಂದ ಪಾಯಸದೊಳಗಿನ ದ್ರಾಕ್ಷಿಯನ್ನು ಆರಿಸಿ ಹಾಕುವುದನ್ನು ತಾಯಂದಿರು ತಡೆಯಬೇಕು.

ಹೊಟ್ಟೆಯ ಸಂಗತಿ ಹಾದಿಗೆ ಬಂದ ಮೇಲೆ ಜ್ವರ ಬಂತು. ಮೂಗಿನಿಂದ ರಕ್ತ ಜಿನುಗಿದಾಗ ಮನೆಯವರು ಹೌಹಾರಿದರು. ಅದು ಉಣ್ಣೆಜ್ವರ. ಕಂದು ಬಣ್ಣದ ನಾಯಿಯುಣ್ಣೆಯು ರಕ್ತ ಹೀರುವಾಗ 'ಎರ್ಲಿಕಿಯಾ' ಎಂಬ ಸೂಕ್ಷ್ಮಾಣುವನ್ನು ಒಳಸೇರಿಸುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳು ಕುಸಿಯುತ್ತವೆ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಊಟದ ಜೊತೆ 28 ದಿನ ತಪ್ಪದೆ ಕೊಡಬೇಕು. ನಾಲ್ಕನೆಯ ದಿನವೇ ನಾಯಿ ಗೆಲುವಾಗುತ್ತದೆ, ಮಾತ್ರೆ ನಿಲ್ಲಿಸುವ ಮನಸ್ಸಾಗುತ್ತದೆ, ನಿಲ್ಲಿಸಬಾರದು. ಉಣ್ಣೆಯನ್ನು ನಾಯಿಯ ಮೈಯಿಂದ ತೆಗೆದರೆ ಕೆಲಸ ಮುಗಿಯುವುದಿಲ್ಲ. ಅದು ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುವುದು ಗೋಡೆಯ ಬಿರುಕುಗಳಲ್ಲಿ. ಒಂದೊಂದು ಹೆಣ್ಣುಣ್ಣೆ ಸಾವಿರಾರು ತತ್ತಿಗಳನ್ನು ಅಲ್ಲಿಡುತ್ತದೆ. ತಂಗಿಯ ಮನೆಯ ಹಳೆಯ ಮಣ್ಣಿನ ಗೋಡೆಯ ಬಿರುಕುಗಳನ್ನೆಲ್ಲ ಆ ತಿಂಗಳು ಮುಚ್ಚಿಸಿದ್ದಾಯಿತು.

ಬೆನ್ನಿನ ಬೋಳು ಮಚ್ಚೆಗಳಿಗೆ ಓಣಿಯ ಹಿತೈಷಿಗಳು ಹೇಳಿದ ಔಷಧ ಗ್ಯಾರೇಜಿನ ಸುಟ್ಟ ಎಣ್ಣೆ. ನಮ್ಮ ಊರುಗಳಲ್ಲಿ ಇದು ಬಹಳ ಕಡೆ ನಡೆಯುತ್ತಿದೆ. ಅದು ಚರ್ಮವನ್ನು ಸುಡುತ್ತದೆ. ನಾಯಿ ಮೈ ನೆಕ್ಕಿಕೊಂಡಾಗ ಹೊಟ್ಟೆಗಿಳಿದು ಯಕೃತ್ತನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ದನಗಳಿಗೆ ಕೊಡುವ ಕಜ್ಜಿಯ ಚುಚ್ಚುಮದ್ದನ್ನು ಅಂದಾಜಿನ ಮೇಲೆ ಚುಚ್ಚಿಸುವುದೂ ಅಷ್ಟೇ ಅಪಾಯ. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ನುಸಿಯೆಂದು ತಿಳಿಯುತ್ತದೆ, ಅದಕ್ಕೆ ತಕ್ಕ ಮಾತ್ರೆ ಇದೆ. ಮೊಣಕೈ ಹುಣ್ಣಿಗೆ ಮಾತ್ರ ಔಷಧಕ್ಕಿಂತ ಆಯಿಯವರು ಹೊಲಿದ ಕೌದಿ ಹೆಚ್ಚು ಕೆಲಸ ಮಾಡಿತು. ಮೈಯಲ್ಲಿ ಕೊಬ್ಬಿಲ್ಲದ ಈ ತಳಿಗೆ ಗಟ್ಟಿನೆಲ ಶತ್ರು, ಚಳಿಯೂ ಶತ್ರು.

ಮನಸ್ಸಿನ ಹುಣ್ಣು ಮಾಯಲು ಹೆಚ್ಚು ಕಾಲ ಬೇಕಾಯಿತು. ಯಾರಾದರೂ ಕೈಯೆತ್ತಿದರೆ, ತಲೆ ಸವರಲೆಂದೇ ಎತ್ತಿದರೂ, ಅದು ಗೋಡೆಗೆ ಅಂಟಿಕೊಳ್ಳುತ್ತಿತ್ತು. ಉಣ್ಣುವಾಗ ಸಮೀಪ ಹೋದರೆ ಗುರ್ರೆನ್ನುತ್ತಿತ್ತು. ಮಕ್ಕಳಿಗೆ ಮೂರು ಕಟ್ಟಪ್ಪಣೆಗಳಾದವು: ಉಣ್ಣುವಾಗ ಹತ್ತಿರ ಹೋಗಬಾರದು, ಮಲಗಿದ್ದನ್ನು ಎಬ್ಬಿಸಬಾರದು, ಕಣ್ಣಿನಲ್ಲಿ ಕಣ್ಣಿಟ್ಟು ನೋಡಬಾರದು. ಸೋದರಳಿಯನು ದಿನವೂ ಸಂಜೆ ಅದಕ್ಕೆ ಮಗ್ಗುಲಾಗಿ ಕುಳಿತು ಪತ್ರಿಕೆ ಓದುತ್ತಿದ್ದನು, ಮುಟ್ಟುತ್ತಿರಲಿಲ್ಲ. ಹದಿನೇಳನೆಯ ದಿನ ಅದು ತಾನಾಗಿ ಬಂದು ಅವನ ಮೊಣಕಾಲಿನ ಮೇಲೆ ಮೂತಿಯಿಟ್ಟಿತು. ಮೊದಲ ಸಲ ಬೊಗಳಿದ್ದು ನಲವತ್ತನೆಯ ದಿನ, ಹಾಲಿನವನನ್ನು ಕಂಡು. ಮನೆಮಂದಿಯೆಲ್ಲ ಹೊರಗೆ ಓಡಿಬಂದರಂತೆ.

ತೂಕ ಎರಡು ವಾರಕ್ಕೆ 15, ಆರು ವಾರಕ್ಕೆ 18 ಕಿಲೋ ಆಯಿತು. ಆಶ್ರಯತಾಣದಲ್ಲಿಯೇ ರೇಬೀಸಿನ ಲಸಿಕೆಯಾಗಿತ್ತು. ಉಳಿದ ಲಸಿಕೆಗಳನ್ನು ಜ್ವರ ಇಳಿದ ಮೇಲೆ ಹಾಕಿಸಿದರು. ಯುಗಾದಿಯ ಹೊತ್ತಿಗೆ 22 ಕಿಲೋ ತುಂಬಿದಾಗ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಯಿತು. ಇದರಲ್ಲಿ ಒಂದು ಸೂಕ್ಷ್ಮವುಂಟು: ಕಣ್ಣಿನಿಂದ ಬೇಟೆಯಾಡುವ ಇಂಥ ತೆಳುಮೈಯ ನಾಯಿಗಳು ಕೆಲವು ಬಗೆಯ ಅರಿವಳಿಕೆಯಿಂದ ಬೇಗ ಎಚ್ಚರಗೊಳ್ಳುವುದಿಲ್ಲ. ತಳಿ ಯಾವುದೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಎಲ್ಲವೂ ಸುಗಮವಾಯಿತೆಂದು ಹೇಳಿದರೆ ಸುಳ್ಳಾದೀತು. ಮೈಗೆ ಬಲ ಬಂದೊಡನೆ ರಕ್ತದೊಳಗಿನ ಬೇಟೆಯೂ ಎದ್ದಿತು. ಗೇಟು ತೆರೆದ ಒಂದು ಮಧ್ಯಾಹ್ನ ಓಣಿಯ ಕೊನೆಯ ಮನೆಯವರ ಕೋಳಿ ಹೋಯಿತು. ಹಣ ಕೊಟ್ಟು ಕೈಮುಗಿದು ಬರಬೇಕಾಯಿತು. ಆಳೆತ್ತರದ ಆವಾರ, ಗಟ್ಟಿಯಾದ ಕೊರಳಪಟ್ಟಿ, ದಿನಕ್ಕೆರಡು ಸಲ ಹಗ್ಗ ಹಿಡಿದು ನಡೆಸಲು ಒಬ್ಬ ಪ್ರಾಯದವನು, ಇವಿಲ್ಲದ ಮನೆಯವರು ಇಂಥ ದೊಡ್ಡ ನಾಯಿಯನ್ನು ತರಬಾರದು. ತರುವ ಮುನ್ನ ಆಶ್ರಯತಾಣಕ್ಕೆ ಮೂರು ನಾಲ್ಕು ಸಲ ಹೋಗಿ ಅದರ ಬಳಿ ಕುಳಿತು ಬರಬೇಕು. ಮನೆಯ ಹಿರಿಯರೊಬ್ಬರನ್ನೂ ಕರೆದುಕೊಂಡು ಹೋಗಬೇಕು. ಬೀದಿನಾಯಿಗಳ ವಿಷಯವಾಗಿ 2025ರ ಆಗಸ್ಟ್ 22ರಂದು ಆದೇಶ ನೀಡುವಾಗ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಹೇಳಿತು: ಪ್ರಾಣಿಪ್ರಿಯರು ನಗರಸಂಸ್ಥೆಗೆ ಅರ್ಜಿ ಕೊಟ್ಟು ನಾಯಿಯನ್ನು ದತ್ತು ಪಡೆಯಬಹುದು, ಆದರೆ ಅದು ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಅವರದೇ ಹೊಣೆ. ಮರಳಿ ಬಿಟ್ಟುಬರುವ ದತ್ತುವಿಗಿಂತ ದತ್ತು ಪಡೆಯದಿರುವುದೇ ಆ ಪ್ರಾಣಿಗೆ ಮಾಡುವ ಉಪಕಾರ.

ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೋಗಿದ್ದೆ. ಹಿತ್ತಲಿನ ಮೂರು ಕಲ್ಲಿನ ಒಲೆ ಈಗಲೂ ಇದೆ. ಕಡ್ಡಿ ಆಯಿಯವರ ಮಂಚದ ಕೆಳಗೆ ಕೌದಿಯ ಮೇಲೆ ಮಲಗಿತ್ತು; ಜೋಳದ ತೆನೆಯ ಬಣ್ಣದ ಮೈ ಬಿಸಿಲಿಗೆ ಮಿರಮಿರನೆ ಹೊಳೆಯುತ್ತಿತ್ತು. ನನ್ನನ್ನು ಕಂಡು ಎದ್ದು ಬಂದು ಕೈಯನ್ನು ಮೂಸಿತು. ನಾನು ಆಗತಾನೆ ಊಟಕ್ಕೆ ಕುಳಿತಿದ್ದೆ. ಮಂಚದ ಮೇಲಿಂದ ಆಯಿಯವರ ದನಿ ಬಂತು: "ಬೀಗರ, ಕೈಯಾಗಿನ ರೊಟ್ಟಿ ನೀವ ತಿನ್ರಿ."